ಕಿವಿಯಿಂದ ಅಡುಗೆ ಮಾಡಿದವರು

ನಮ್ಮ ಅಡುಗೆಮನೆಯ ಗೋಡೆಗೆ ಒಂದು ಕಬ್ಬಿಣದ ಹಂಚು ತೂಗುಹಾಕಿದೆ. ರೊಟ್ಟಿ ಹಂಚಿಗಿಂತ ದಪ್ಪ, ಒಂದೇ ಕೈಯಲ್ಲಿ ಎತ್ತಿದರೆ ಮಣಿಕಟ್ಟು ನೋಯುವಷ್ಟು ಭಾರ. ನನ್ನ ಹೆಂಡತಿ ಅದನ್ನು ಗುಜರಿಯವನಿಗೆ ಕೊಡಲು ಮೂರು ಸಲ ನೋಡಿದ್ದಾಳೆ. ಮೂರು ಸಲವೂ ನಾನು ಮುಖ ಗಂಟು ಹಾಕಿಕೊಂಡು ವಾಪಸ್ ಗೋಡೆಗೆ ಹಾಕಿದ್ದೇನೆ. ಕಳೆದ ವಾರ ಜಗಳೂರಿನಿಂದ ಬಂದ ಸಹೋದ್ಯೋಗಿಯೊಬ್ಬರು ಚಹಾ ಕುಡಿಯುತ್ತ, ಬೇರೆ ಏನೋ ಮಾತಿನ ನಡುವೆ, "ಆ ಹಳೇ ಮೇಟಿ ತೀರ್ಕೊಂಡ್ರಂತೆ ಕಣ್ರಿ" ಅಂದರು. ಅವರು ಹೋದ ಮೇಲೆ ಹಂಚನ್ನು ಇಳಿಸಿ, ಒರೆಸಿ, ಎಣ್ಣೆ ಸವರಿದೆ.

ಸರ್ಕಾರಿ ಬಂಗಲೆಯ ಬೀಗ ತೆಗೆಯುವುದರಿಂದ ಹಿಡಿದು ಸಾಹೇಬರ ಊಟದವರೆಗೆ ಎಲ್ಲ ನೋಡಿಕೊಳ್ಳುವವರನ್ನು ನಮ್ಮ ಕಡೆ ಮೇಟಿ ಅನ್ನುತ್ತಾರೆ. ಈ ಮೇಟಿಗೂ ಒಂದು ಹೆಸರಿತ್ತು. ಹಾಜರಿ ಪುಸ್ತಕದಲ್ಲಿ ನಾನೇ ಎಷ್ಟೋ ಸಲ ಬರೆದಿದ್ದೇನೆ. ಆದರೆ ಆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಅವರು ಮುಚ್ಚಿಟ್ಟ ಒಂದು ಸಂಗತಿಯನ್ನು ಬಿಚ್ಚಲು ಹೊರಟವನು ಹೆಸರನ್ನಾದರೂ ಬಿಡಬೇಕು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕತ್ತಲಗೆರೆಯಿಂದ ಹೊರಟ ನಾನು ಟೈಪಿಂಗ್ ಪಾಸು ಮಾಡಿದ ಹುಮ್ಮಸ್ಸಿನಲ್ಲಿ ಹೊನ್ನಾಳಿಯ ಕಚೇರಿಗೆ ಗುಮಾಸ್ತನಾಗಿ ಬಂದೆ. ಹೊಳೆಯ ದಂಡೆಯಲ್ಲಿ ಬಂಗಲೆ. ಅದರ ಹಿಂದಿನ ಒಂದು ಕೋಣೆ ನನಗೆ ಸಿಕ್ಕಿತು. ಅಮ್ಮ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ, ಒಂದು ಚಾಪೆ, ಇಷ್ಟೇ ನನ್ನ ಸಂಸಾರ. ಲಿಂಗಪೂಜೆ ಆಗದೆ ಬಾಯಿಗೆ ನೀರೂ ಹಾಕದ ಮನೆಯವನು ನಾನು. ಮಾಂಸ ಬೇಯುವ ಮನೆಯ ಮುಂದೆ ಮೂಗು ಹಿಡಿದುಕೊಂಡೇ ನಡೆದು ರೂಢಿ.

ಬಂದ ಮೊದಲ ಸಂಜೆಯೇ ಆ ಮೂಗು ಕೈಕೊಟ್ಟಿತು. ಶುಂಠಿ, ಬೆಳ್ಳುಳ್ಳಿ, ಸುಟ್ಟ ಬೆಲ್ಲ, ಎಳ್ಳೆಣ್ಣೆ ಎಲ್ಲ ಒಟ್ಟಿಗೆ ಕಾದ ಒಂದು ಘಮ ಕೋಣೆಯೊಳಗೆ ಬಂತು. ಎದ್ದು ಹೋಗಿ ಬಂಗಲೆಯ ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತೆ. ಒಳಗೆ ಬಡಕಲು ಮೈಯ, ಐವತ್ತು ದಾಟಿದ ಒಬ್ಬರು ಖಾಕಿ ಕೋಟಿಗೆ ಮೇಲಿನ ಒಂದೇ ಗುಂಡಿ ಹಾಕಿಕೊಂಡು, ಹೆಗಲ ಮೇಲೆ ವಲ್ಲಿ ಹೊದ್ದು, ಒಲೆಯ ಕಡೆಗೆ ತಲೆ ಓರೆ ಮಾಡಿ ನಿಂತಿದ್ದರು. ತಿರುಗಿ ನೋಡದೆಯೇ ಅಂದರು:

"ಒಳಗೆ ಬರಬ್ಯಾಡ್ರಿ ಗುಮಾಸ್ತರೇ. ಇಲ್ಲಿ ಕುರಿ ಐತೆ. ಅಲ್ಲೇ ಕುಂದರ್ರಿ, ನಿಮಗೆ ಬ್ಯಾರೆ ಮಾಡಿಕೊಡ್ತೀನಿ."

ಬೇರೆ ಅಂದರೆ ನಿಜಕ್ಕೂ ಬೇರೆ. ಗೋಡೆಯ ಇನ್ನೊಂದು ಮೊಳೆಯಿಂದ ಇನ್ನೊಂದು ಹಂಚು ಇಳಿಸಿದರು, ಬೇರೆ ಸೌಟು, ಬೇರೆ ಬೋಗುಣಿ. ಕೈಯನ್ನು ಬೂದಿ ಹಾಕಿ ಮೊಣಕೈವರೆಗೆ ತೊಳೆದರು. ಬೀನ್ಸು, ಗಜ್ಜರಿ, ನವಿಲುಕೋಸು, ದೊಣ್ಣೆ ಮೆಣಸಿನಕಾಯಿ, ಎಲ್ಲ ಬೆರಳುದ್ದ ಸೀಳಿ ಕರಿ ರಸದಲ್ಲಿ ಹೊರಳಿಸಿ ಕಾದ ಹಂಚಿಗೆ ಸುರಿದರು. ತರಕಾರಿ ಮೆತ್ತಗಾಗುವ ಮೊದಲೇ ನನ್ನ ತಟ್ಟೆಗೆ ಬಂತು. ಬೇಯಿಸಿ ಬೇಯಿಸಿ ಬಣ್ಣಗೆಡಿಸಿದ ಪಲ್ಯವನ್ನೇ ಪಲ್ಯವೆಂದು ತಿಳಿದಿದ್ದ ನನಗೆ ಅದು ಬೇರೆಯೇ ಲೋಕ. ನಾಲಿಗೆ ಚಪ್ಪರಿಸಿದೆ. ಊಟದಲ್ಲಿ ಚಪ್ಪರಿಸುವುದು ನನ್ನ ಹುಟ್ಟುಗುಣ. ಅದಕ್ಕಾಗಿ ಅಮ್ಮನಿಂದ ಬೈಸಿಕೊಳ್ಳದ ದಿನವಿಲ್ಲ. ಆ ಸದ್ದಿಗೆ ಅವರು ಮೊದಲ ಸಲ ಇತ್ತ ತಿರುಗಿ ನಕ್ಕರು.

ಅವರು ಗೋವಿನಕೋವಿಯವರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, ಮೀಸೆ ಚಿಗುರುವ ವಯಸ್ಸಿನಲ್ಲಿ, ಮನೆಯಲ್ಲಿ ಜಗಳವಾಡಿಕೊಂಡು ಸೈನ್ಯದ ಪಟಾಲಮ್ಮು ಸೇರಿ, ಅಡುಗೆಯವರ ಗುಂಪಿನಲ್ಲಿ ಹಡಗು ಹತ್ತಿ ಸಿಂಗಾಪುರಕ್ಕೆ ಹೋದರು. ಅಲ್ಲಿ ಒಬ್ಬ ಚೀನೀ ಅಡುಗೆಯವನ ಕೈಕೆಳಗೆ ಎರಡು ವರ್ಷ. ಇವರಿಗೆ ಅವನ ಭಾಷೆ ಬರದು, ಅವನಿಗೆ ಇವರದು ಬರದು. ತಪ್ಪು ಮಾಡಿದರೆ ಸೌಟಿನಿಂದ ಮೊಣಕಾಲಿಗೆ ಹೊಡೆಯುತ್ತಿದ್ದನಂತೆ. "ನಾನು ಕಲ್ತಿದ್ದೆಲ್ಲ ಮೊಣಕಾಲಿನಿಂದ ಕಲ್ತಿದ್ದು" ಅನ್ನುತ್ತಿದ್ದರು.

ಕಲಿತು ತಂದದ್ದು ಮುಖ್ಯವಾಗಿ ಒಂದೇ ಅಡುಗೆ. ಕುರಿಯ ತೊಡೆಯ ಮಾಂಸವನ್ನು ಮೂಳೆ ಬಿಡಿಸಿ ಅಂಗೈಯಗಲದ ಹಲ್ಲೆಗಳಾಗಿ ಕೊಯ್ದು, ಕತ್ತಿಯ ಹಿಂಬದಿಯಿಂದ ತಟ್ಟಿ, ಕರಿ ರಸದಲ್ಲಿ ನೆನೆಹಾಕುವುದು. ನೆಂದ ಮೇಲೆ ಬೆಂಕಿಯಂಥ ಹಂಚಿನ ಮೇಲೆ ಆ ಕಡೆ ಒಂದು ಸಲ, ಈ ಕಡೆ ಒಂದು ಸಲ. ಅದೇ ಹಂಚಿನಲ್ಲಿ ತರಕಾರಿ. ಮುಗಿಯಿತು. ಸಾಹೇಬರುಗಳು ಅದಕ್ಕೆ ಸ್ಟೇಕು ಅನ್ನುತ್ತಿದ್ದರು, ಇವರು "ಹತ್ತು ನಿಮಿಷದ ಊಟ" ಅನ್ನುತ್ತಿದ್ದರು. ರಸಕ್ಕೆ ಬೇಕಾದ ಸೋಯಾ ಬಾಟ್ಲಿ ದಾವಣಗೆರೆಯಿಂದ ಕಂಡಕ್ಟರ್ ಕೈಯಲ್ಲಿ ಬರಬೇಕು. ಬಾರದಿದ್ದರೆ ಬೆಲ್ಲ ಸುಟ್ಟು, ಹುಣಸೆಹುಳಿ ಬೆರೆಸಿ ಅದರ ತಮ್ಮನನ್ನು ತಯಾರಿಸುತ್ತಿದ್ದರು. ಹಸಿಶುಂಠಿ ಮಾತ್ರ ಸವಳಂಗದ ಕಡೆಯದೇ ಆಗಬೇಕು. ಬೇರೆಯದು ತಂದರೆ ಮುರಿದು ನೋಡಿ, "ಇದು ಶುಂಠಿ ಅಲ್ರಿ, ಶುಂಠಿ ಫೋಟೋ" ಅಂತ ಪಕ್ಕಕ್ಕಿಡುತ್ತಿದ್ದರು.

ಎಷ್ಟು ಹೊತ್ತು ನೆನೆಯಬೇಕು ಅಂದರೆ ಗಡಿಯಾರ ನೋಡುತ್ತಿರಲಿಲ್ಲ. ಸಾಹೇಬರು ಸ್ನಾನಕ್ಕೆ ಹೋದಾಗ ಮಾಂಸ ರಸಕ್ಕೆ ಬೀಳಬೇಕು, ಬಚ್ಚಲಲ್ಲಿ ತಂಬಿಗೆ ಸದ್ದು ನಿಂತಾಗ ಹಂಚು ಒಲೆಗೆ ಏರಬೇಕು. "ಮೈಸೂರು ಕಡೇರು ಉದ್ದ ಸ್ನಾನ ಮಾಡ್ತಾರೆ, ಅವರಿಗೆ ಬೆಣ್ಣೆಯಂಥದ್ದು ಸಿಗ್ತದೆ. ಬಳ್ಳಾರಿ ಕಡೇರು ನಾಕೇ ತಂಬಿಗೆ. ಅವರಿಗೆ ಹಲ್ಲು ಗಟ್ಟಿ ಇರಬೇಕು ನೋಡ್ರಿ." ಒಲೆಗೆ ತೆಂಗಿನ ಕರಟವೇ ಆಗಬೇಕು. ಹಂಚಿಗೆ ಮಾಂಸ ಬಿದ್ದ ಮೇಲೆ ಯಾರೂ ಬಾಯಿ ಬಿಡುವಂತಿಲ್ಲ. ನಾನು ಹೊಸ್ತಿಲಾಚೆಯಿಂದ ಕಚೇರಿಯ ಸುದ್ದಿ ತೆಗೆದರೆ ಕೈ ಎತ್ತಿ ತಡೆಯುತ್ತಿದ್ದರು. "ಬೆಂಕಿ ಮುಂದೆ ಮಾತಾಡಬಾರ್ದು, ಅದೇ ಮಾತಾಡ್ತಿರ್ತದೆ." ತಲೆ ಓರೆ ಮಾಡಿ ಆ ಚರಚರ ಸದ್ದನ್ನೇ ಕೇಳುತ್ತಿದ್ದರು. ಸದ್ದು ಒಂದು ಹದಕ್ಕೆ ಸಣ್ಣಗಾದ ಕೂಡಲೇ ಮಗುಚುತ್ತಿದ್ದರು. ಒಂದು ದಿನವೂ ಹೊತ್ತಿದ್ದನ್ನು ನಾನು ನೋಡಲಿಲ್ಲ.

ಅತಿಥಿಗಳು ಬಂದ ದಿನವೆಲ್ಲ ಒಂದು ಶಾಸ್ತ್ರ ನಡೆಯುತ್ತಿತ್ತು. ರಸ ಕಲಸಿದ ಮೇಲೆ, ಮಾಂಸ ಮುಟ್ಟುವ ಮೊದಲು, ಒಂದು ಚಮಚದಲ್ಲಿ ನನಗೆ ರುಚಿ ತೋರಿಸುವುದು. ನಾನು ಚಪ್ಪರಿಸಿ ಉಪ್ಪು ಸಾಲದು, ಹುಳಿ ಹೆಚ್ಚು ಅಂತ ಹೇಳುವುದು. ಆಮೇಲೆ ನನ್ನ ತರಕಾರಿಗೆ ಒಂದು ಪಾಲು ತೆಗೆದಿಟ್ಟು ಉಳಿದದ್ದಕ್ಕೆ ಮಾಂಸ. ಹೊಸದಾಗಿ ಕೆಲಸಕ್ಕೆ ಬಂದವನನ್ನು ಮುದ್ದು ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಕಚೇರಿಯಲ್ಲಿ ನನ್ನ ಟಿಪ್ಪಣಿಗಳನ್ನು ಯಾರೂ ಓದದಿದ್ದರೂ ಇಲ್ಲಿ ನನ್ನ ನಾಲಿಗೆಗೆ ಬೆಲೆಯಿದೆಯಲ್ಲ ಅಂತ ಬೀಗುತ್ತಲೂ ಇದ್ದೆ.

ನಿಜ ಗೊತ್ತಾಗಿದ್ದು ಒಂದು ವರ್ಷದ ಮೇಲೆ. ಒಂದು ಸಂಜೆ ಅವರು ಎಂದಿನಂತೆ ಹಂಚಿಗೆ ಕಿವಿಗೊಟ್ಟು ನಿಂತಿದ್ದರು. ಹೆಗಲಿನ ವಲ್ಲಿಯ ಅಂಚು ಜಾರಿ ಒಲೆಯ ಬಾಯಿಗೆ ತಾಗಿ ಹೊಗೆಯಾಡುತ್ತಿತ್ತು. ಅರಿವೆ ಸುಟ್ಟ ಕಮಟು ಹೊಸ್ತಿಲಾಚೆ ಕೂತ ನನಗೆ ಕೆಮ್ಮು ತರಿಸುವಷ್ಟಿತ್ತು. ಅವರಿಗೆ ಮಾತ್ರ ಪರಿವೆಯೇ ಇಲ್ಲ. ನಾನು ಹೊಸ್ತಿಲು, ಮಡಿ ಎಲ್ಲ ಮರೆತು ಒಳಗೆ ನುಗ್ಗಿ ವಲ್ಲಿ ಕಿತ್ತು ನೀರಿಗೆ ಹಾಕಿದೆ.

"ಯಜಮಾನ್ರೇ, ವಾಸನೆ ಬರಲಿಲ್ಲೇನ್ರಿ?" ಅಂದೆ.

ಅವರು ಮೊದಲು ಮಾಂಸ ಮಗುಚಿದರು. ಬಡಿಸಿ ಬಂದ ಮೇಲೆ ಮಣೆ ಎಳೆದುಕೊಂಡು ಕೂತರು.

"ಎರಡು ವರ್ಷದ ಹಿಂದೆ ಜ್ವರ ಬಂದಿತ್ರಿ. ಇಪ್ಪತ್ತು ದಿನ ಎಚ್ಚರ ಇರಲಿಲ್ಲ. ಜ್ವರ ಹೋತು, ಹೋಗಬೇಕಾದ್ರೆ ಮೂಗು ನಾಲಿಗೆ ಎರಡೂ ತಗೊಂಡು ಹೋತು. ಈಗ ನನ್ನ ಬಾಯಿಗೆ ಪಾಯಸ ಹಾಕಿದ್ರೂ ಒಂದೇ, ಮಣ್ಣು ಹಾಕಿದ್ರೂ ಒಂದೇ."

"ಮತ್ತೆ ಇಷ್ಟು ದಿನ ಹೆಂಗೆ ಮಾಡಿದ್ರಿ?"

"ಕಿವಿ ಐತಲ್ರಿ. ಬೆರಳು ಐತೆ. ಬೇಯೋದು ಕಿವಿಗೆ ಗೊತ್ತಾಗ್ತದೆ. ಉಪ್ಪು ಹುಳಿ ಒಂದೇ ಗೊತ್ತಾಗಾಕಿಲ್ಲ. ಮೊದಲು ಬೆರಳಿನ ಅಳತೆ ಮ್ಯಾಲೆ ಹಾಕ್ತಿದ್ದೆ, ಈಗ ಅದಕ್ಕೆ ನೀವು ಅದೀರಲ್ಲ. ನೀವು ಬಾಯಿ ಚಪ್ಪರಿಸಿದ್ರೆ ಸರಿ ಐತೆ ಅಂತ ಲೆಕ್ಕ." ಒದ್ದೆ ವಲ್ಲಿ ಹಿಂಡುತ್ತ ಸೇರಿಸಿದರು: "ಯಾರಿಗೂ ಹೇಳಬ್ಯಾಡ್ರಿ. ಗೊತ್ತಾದ್ರೆ ಅಡುಗೆಮನಿ ಬಿಡಿಸ್ತಾರೆ. ಗೇಟು ಕಾಯಾಕೆ ಹಾಕ್ತಾರೆ. ಒಲೆ ಬಿಟ್ಟು ನಾನು ಏನು ಮಾಡ್ಲಿ?"

ನಾನು ಹೇಳುವುದಿಲ್ಲ ಅಂದೆ. ಅಂದಿನಿಂದ ಚಪ್ಪರಿಸುವುದು ನನ್ನ ಚಟವಾಗಿ ಉಳಿಯದೆ ಕೆಲಸವಾಯಿತು. ಆ ಕೆಲಸವನ್ನು ಕೊನೆವರೆಗೂ ನೆಟ್ಟಗೆ ಮಾಡಿದೆ ಎಂದು ಬರೆಯುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಮರು ಶ್ರಾವಣದಲ್ಲಿ ಹೊಳೆ ಕೆಂಪಾಗಿ ಹರಿಯಿತು. ಆ ದಿನಗಳಲ್ಲಿ ಹೊನ್ನಾಳಿಯ ಮನೆಮನೆಯಲ್ಲೂ ಕೊಡದ ನೀರಿಗೆ ಪಟಿಕದ ಕಲ್ಲು ತಿರುವಿ, ರಾಡಿ ತಳಕ್ಕೆ ಇಳಿದ ಮೇಲೆ ತಿಳಿನೀರು ಬಗ್ಗಿಸಿಕೊಳ್ಳುತ್ತಿದ್ದೆವು. ಹೊಳೆ ನೋಡಲು ಮೇಲಿನ ಕಚೇರಿಯ ದೊಡ್ಡ ಸಾಹೇಬರು ಹೆಂಡತಿಯ ಸಮೇತ ಬಂದರು. ಹಿಂದೊಮ್ಮೆ ಇಲ್ಲಿ ಉಂಡಿದ್ದ ಹತ್ತು ನಿಮಿಷದ ಊಟವನ್ನು ಹೊಗಳಿ ಹೊಗಳಿ ಹೆಂಡತಿಯನ್ನು ಕರೆತಂದಿದ್ದರು. ಹೇಳಿದ ಹೊತ್ತಿಗಿಂತ ಎರಡು ತಾಸು ಮೊದಲೇ ಬಂದುಬಿಟ್ಟರು. ಮೇಟಿ ಆಗಷ್ಟೇ ಕುಡಿಯುವ ನೀರಿಗೆಂದು ಪಟಿಕ ಕುಟ್ಟಿ ಪುಡಿ ಮಾಡುತ್ತಿದ್ದರು. ಗಡಿಬಿಡಿಯಲ್ಲಿ ಆ ಪುಡಿಯನ್ನು ಕೈಗೆ ಸಿಕ್ಕ ಡಬ್ಬಿಗೆ ಸುರಿದು, ಡಬ್ಬಿಯನ್ನು ಉಪ್ಪಿನ ಜಾಗದಲ್ಲಿ ಇಟ್ಟುಬಿಟ್ಟಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಅಂದು ಸೋಮವಾರ. ಶ್ರಾವಣ ಸೋಮವಾರ ಗುಡಿಗೆ ಹೋಗಿಬಂದು ಪೂಜೆ ಮುಗಿಯುವವರೆಗೆ ಬಾಯಿಗೆ ಏನೂ ಸೋಕಿಸಬಾರದು ಎಂಬುದು ಅಮ್ಮನ ಕಟ್ಟಳೆ. ನಾನು ಮಿಂದು, ಬಸವಣ್ಣನ ಗುಡಿಗೆ ಹೊರಟು, ಕೈಯಲ್ಲಿ ಬಿಲ್ವಪತ್ರೆ ಹಿಡಿದು ಅಡುಗೆಮನೆಯ ಮುಂದೆ ಹಾಯುವಾಗ ಚಮಚ ಹೊಸ್ತಿಲಾಚೆ ಬಂತು.

"ಒಂಚೂರು ನೋಡ್ರಿ. ಸಾಹೇಬ್ರು ಸ್ನಾನಕ್ಕೆ ಹೋದ್ರು."

ಇವತ್ತು ಸೋಮವಾರ, ನನ್ನಿಂದ ಆಗದು ಅಂದಿದ್ದರೆ ಮುಗಿಯುತ್ತಿತ್ತು. ಬೇರೆ ಯಾರನ್ನಾದರೂ ಹುಡುಕಬಹುದಿತ್ತು, ಬಂಗಲೆಯ ತೋಟದ ಮಾಲಿಯನ್ನಾದರೂ ಕರೆಯಬಹುದಿತ್ತು. ಆದರೆ ಬಚ್ಚಲಲ್ಲಿ ತಂಬಿಗೆಯ ಸದ್ದು ಶುರುವಾಗಿತ್ತು. ಅವರ ಮುಖದಲ್ಲಿ ಅವಸರವಿತ್ತು, ನನಗೆ ಗುಡಿಯ ಅವಸರ. ನೂರು ಸಲ ಮಾಡಿದ ರಸ, ಏನು ಕೆಟ್ಟೀತು ಅಂದುಕೊಂಡೆ. ಚಮಚ ಇಸಿದುಕೊಂಡು, ಆ ಕಡೆ ತಿರುಗಿ, ದಾಸವಾಳದ ಗಿಡದ ಬುಡಕ್ಕೆ ಚೆಲ್ಲಿದೆ.

"ಸರಿ ಐತೆ ಯಜಮಾನ್ರೇ" ಅಂದು ಚಮಚ ವಾಪಸ್ ಕೊಟ್ಟೆ.

ಅವರು ಒಂದು ಗಳಿಗೆ ಚಮಚ ಹಿಡಿದು ಹಾಗೇ ನಿಂತರು. ಆಮೇಲೆ ಒಳಗೆ ಹೋದರು.

ನಾನು ಹಣೆಗೆ ವಿಭೂತಿ ಹಚ್ಚಿಕೊಂಡು ವಾಪಸ್ ಬರುವ ಹೊತ್ತಿಗೆ ಊಟದ ಕೋಣೆಯ ಬಾಗಿಲು ತೆರೆದಿತ್ತು. ಸಾಹೇಬರು ಎದ್ದು ನಿಂತಿದ್ದರು. ಜೋರು ಮಾಡುವ ಮನುಷ್ಯನಲ್ಲ ಅವರು, ತಣ್ಣಗೆ ಕೇಳಿದರು: "ಏನ್ ಹಾಕಿದ್ದೀಯಯ್ಯ ಇದಕ್ಕೆ? ಬಾಯೆಲ್ಲ ಒಗರು. ನೀನೇ ತಿಂದು ನೋಡು."

ಮೇಟಿ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡರು. ನಿಧಾನಕ್ಕೆ ಅಗಿದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ಅಗಿದು ನುಂಗಿ, "ಸರಿ ಐತಲ್ಲ ಸಾರ್" ಅಂದರು.

ಸಾಹೇಬರ ಮುಖ ಕೆಂಪಾಯಿತು, ತಮ್ಮನ್ನು ಅಣಕಿಸುತ್ತಿದ್ದಾನೆ ಅಂದುಕೊಂಡಿರಬೇಕು. ಆಗ ಅವರ ಹೆಂಡತಿ ತೋಳು ಹಿಡಿದು ಮೆತ್ತಗೆ ಹೇಳಿದರು: "ಸುಮ್ನಿರಿ. ಪಾಪ, ಅವರಿಗೆ ರುಚಿನೇ ಗೊತ್ತಾಗ್ತಿಲ್ಲ." ದಯೆಯಿಂದಲೇ ಹೇಳಿದ್ದು. ಗುಟ್ಟು ಹೊರಬಿದ್ದದ್ದು ಆ ದಯೆಯ ಮಾತಿನಿಂದ. ಮೇಟಿ ಒಮ್ಮೆ ಬಾಗಿಲಲ್ಲಿ ನಿಂತ ನನ್ನ ಕಡೆ ನೋಡಿದರು, ನನ್ನ ಹಣೆಯ ವಿಭೂತಿ ನೋಡಿದರು. ಗುಮಾಸ್ತರು ರುಚಿ ನೋಡಿದ್ದರು ಅಂತ ಒಂದು ಮಾತು ಆಡಿದ್ದರೆ ಅರ್ಧ ತಪ್ಪು ನನ್ನ ತಲೆಗೆ ಬರುತ್ತಿತ್ತು. ಆಡಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಪೂಜೆ ಮುಗಿಸಿ ನನ್ನ ಪಾಲಿನ ಬೋಗುಣಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟೆ. ಬಾಯಿ ಒಳಕ್ಕೆ ಸೆಳೆದುಕೊಂಡಿತು. ಕ್ಷೌರದ ಅಂಗಡಿಯಲ್ಲಿ ಗಾಯಕ್ಕೆ ಉಜ್ಜುವ ಕಲ್ಲು ತುಟಿಗೆ ತಾಗಿದರೆ ಹೇಗಿರುತ್ತದೋ ಹಾಗೆ. ಒಂದು ಹನಿ ಸಾಕಿತ್ತು ತಿಳಿಯಲು.

ತಿಂಗಳೊಳಗೆ ಕಾಗದ ಬಂತು. ಮೇಟಿ ಇನ್ನು ಜಗಳೂರಿನ ಬಂಗಲೆಗೆ ಕಾವಲುಗಾರ. ಆ ಆದೇಶದ ನಕಲನ್ನು ಟೈಪು ಮಾಡಿದ್ದು ನಾನೇ. ಎರಡು ಸಲ ತಪ್ಪು ಹೊಡೆದು ಹಾಳೆ ಹರಿದೆ. ಬಸ್ಸಿಗೆ ಕಳಿಸಲು ಹೋದಾಗ ಗೋಣಿಚೀಲದಿಂದ ಒಂದು ಹಂಚು ತೆಗೆದು ನನ್ನ ಕೈಗಿಟ್ಟರು.

"ನಿಮ್ಮ ಹಂಚು. ಇದರ ಮ್ಯಾಲೆ ಒಂದಿನಾನೂ ಮಾಂಸ ಇಟ್ಟಿಲ್ರಿ, ಆಣೆ ಮಾಡಿ ಹೇಳ್ತೀನಿ. ಮನಿಗೆ ಒಯ್ಯಾಕೆ ಅನುಮಾನ ಬ್ಯಾಡ."

ಚಮಚ ಚೆಲ್ಲಿದ್ದನ್ನು ಹೇಳಿಬಿಡಬೇಕು ಅಂದುಕೊಂಡೆ. ಕಂಡಕ್ಟರ್ ಸೀಟಿ ಊದಿದ. ನಾನು ಹೇಳಲಿಲ್ಲ. ಅಂಜಿಕೆ ಅನ್ನುವುದಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ, ಅಂಜಿದೆ.

ಅಲ್ಲಿಂದ ನನಗೆ ನ್ಯಾಮತಿಗೆ ವರ್ಗವಾಯಿತು, ಆಮೇಲೆ ಚನ್ನಗಿರಿಗೆ. ಮದುವೆಯಾಯಿತು. ಹೆಂಡತಿಗೆ ಹತ್ತು ನಿಮಿಷದ ತರಕಾರಿ ಕಲಿಸಲು ಹೋಗಿ ಎರಡು ಸಲ ಹೊತ್ತಿಸಿದೆ. ಕಿವಿಗೆ ಏನೂ ತಿಳಿಯಲಿಲ್ಲ. ಚಮಚ ಹಿಡಿದಾಗೆಲ್ಲ ಆ ದಾಸವಾಳದ ಗಿಡ ನೆನಪಾಗುತ್ತಿತ್ತು. ಐದು ವರ್ಷ ಹೀಗೇ ಕಳೆದು, ಎಂಬತ್ತರ ದಶಕದ ಒಂದು ಶ್ರಾವಣದಲ್ಲಿ ಜಗಳೂರಿಗೆ ಕಚೇರಿ ಕೆಲಸ ಬಿತ್ತು. ಯಾವ ದಿನ ಬೇಕಾದರೂ ಹೋಗಬಹುದಿತ್ತು. ಬೇಕೆಂದೇ ಸೋಮವಾರ ಹೊರಟೆ. ಹಂಚನ್ನು ಚೀಲಕ್ಕೆ ಹಾಕಿಕೊಂಡೆ. ಶ್ರಾವಣ ಸೋಮವಾರ ಉಪವಾಸದವರು ಹಂಚು ಹೊತ್ತು ಎಲ್ಲಿಗೆ ಹೊರಟಿದ್ದೀರಿ ಅಂತ ಹೆಂಡತಿ ಕೇಳಿದಳು. ಬಂದು ಹೇಳುತ್ತೇನೆ ಅಂದೆ.

ಬಂಗಲೆಯ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಕೂತಿದ್ದರು. ಅದೇ ಕೋಟು, ಈಗ ಒಂದು ಗುಂಡಿಯೂ ಇರಲಿಲ್ಲ. ತುಂಬ ಇಳಿದಿದ್ದರು. ನನ್ನ ಹೆಜ್ಜೆಯ ಸದ್ದಿಗೇ ತಲೆ ಎತ್ತಿ, "ಗುಮಾಸ್ತರು" ಅಂದರು. ಅಲ್ಲಿಯ ಅಡುಗೆಮನೆಗೆ ಬೀಗ. ಬಂದವರಿಗೆ ಹೋಟ್ಲಿಂದ ಊಟ ಬರುತ್ತದಂತೆ. ಇವರು ಮೂರು ಕಲ್ಲಿಟ್ಟು ಒಂದು ಹೊತ್ತಿಗೆ ಗಂಜಿ ಕಾಯಿಸಿಕೊಳ್ಳುತ್ತಿದ್ದರು.

"ಇಲ್ಲಿ ನೀರೇ ಇಲ್ರಿ, ಪಟಿಕದ ಭಯ ಇಲ್ಲ" ಅಂತ ನಕ್ಕರು. ನನಗೆ ನಗಲು ಆಗಲಿಲ್ಲ. ಅವರ ಎದುರು ನೆಲದ ಮೇಲೆ ಕೂತು, ನೆಲವನ್ನೇ ನೋಡುತ್ತ ಹೇಳಿದೆ:

"ಯಜಮಾನ್ರೇ, ಅವತ್ತು ನಾನು ರುಚಿ ನೋಡಲಿಲ್ಲ. ಚೆಲ್ಲಿಬಿಟ್ಟೆ."

"ಗೊತ್ತು" ಅಂದರು.

ನಾನು ತಲೆ ಎತ್ತಿದೆ.

"ಬಾಯಿ ಸದ್ದು ಬರಲಿಲ್ಲಲ್ರಿ. ನನ್ನ ಮೂಗು ಹೋಗೇತೆ, ಕಿವಿ ಹೋಗಿತ್ತೇನು?"

"ಗೊತ್ತಿದ್ದೂ ಮತ್ತೆ ಯಾಕೆ ಕೇಳಲಿಲ್ಲ? ಇನ್ನೊಂದು ಸಲ ನೋಡ್ರಿ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತು."

"ಅಂದಿದ್ರೆ ನೀವು ತಿಂತಿದ್ರಿ." ಅವರು ಕಲ್ಲಿನ ಒಲೆಯ ಬೂದಿ ಕೆದಕುತ್ತಿದ್ದರು. "ನಿಮ್ಮ ಕೈಯಾಗೆ ಪತ್ರೆ ಇದ್ವು. ಆವಾಗ ನೆನಪಾತು ಸೋಮವಾರ ಅಂತ. ನನ್ನ ಒಲೆ ಉಳಿಸ್ಕೊಳ್ಳಾಕೆ ನಿಮ್ಮ ನೇಮ ಕೆಡಿಸಾಕೆ ಮನಸು ಬರಲಿಲ್ರಿ."

ಕಣ್ಣೀರು ಬಂತು, ಒರೆಸಿಕೊಂಡೆ. ಆಮೇಲೆ ಎದ್ದು ಹಂಚನ್ನು ಚೀಲದಿಂದ ತೆಗೆದು ಮೂರು ಕಲ್ಲಿನ ಮೇಲೆ ಇಟ್ಟೆ. ಬೀನ್ಸು, ಗಜ್ಜರಿ, ಶುಂಠಿ, ಬೆಳ್ಳುಳ್ಳಿ, ಎಣ್ಣೆ, ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ಕೊಂಡ ಸೋಯಾ ಬಾಟ್ಲಿ, ಎಲ್ಲ ಅವರ ಮುಂದೆ ಹರಡಿದೆ. ಅವರು ಶುಂಠಿ ಮುರಿದು, ಮುರಿದ ಸದ್ದು ಕೇಳಿ, "ಸವಳಂಗದ್ದಲ್ಲ" ಅಂದರು. ಆದರೂ ಜಜ್ಜಿದರು. ಐದು ವರ್ಷ ಮಾಡದ ಕೈ ಅನ್ನಿಸಲಿಲ್ಲ. ರಸ ಕಲಸಿದರು. ಚಮಚ ತುಂಬಿ ನನ್ನ ಕಡೆ ಚಾಚಿದವರು ಅರ್ಧಕ್ಕೇ ನಿಲ್ಲಿಸಿದರು.

"ಇವತ್ತು ಯಾವ ವಾರ ಗೊತ್ತೈತೇನ್ರಿ?"

"ಗೊತ್ತೈತೆ, ಕೊಡ್ರಿ."

"ಪೂಜಿ ಆಗ್ಲಿ. ಸಂಜಿಗೆ ಉಣ್ಣೋರಂತೆ."

ಅವರ ಕೈಯಿಂದ ಚಮಚ ಕಿತ್ತುಕೊಂಡು ಬಾಯಿಗೆ ಹಾಕಿಕೊಂಡೆ. ಅಮ್ಮ ಕೇಳಿದ್ದರೆ ಬೈಯುವಷ್ಟು ಜೋರಾಗಿ ಚಪ್ಪರಿಸಿದೆ. ಅವರು ತಲೆ ಓರೆ ಮಾಡಿ, ಹಂಚಿನ ಸದ್ದು ಕೇಳುವಾಗ ನಿಲ್ಲುತ್ತಿದ್ದಂತೆ, ಅಲ್ಲಾಡದೆ ಕೇಳಿಸಿಕೊಂಡರು.

"ಉಪ್ಪು ಒಂಚೂರು ಸಾಲದು ಯಜಮಾನ್ರೇ" ಅಂದೆ.

ಅವರು ತಮ್ಮ ಉಪ್ಪಿನ ಡಬ್ಬಿಗೆ ಕೈ ಹಾಕಿ ಒಂದು ಚಿಟಿಕೆ ತೆಗೆದರು. ಬೋಗುಣಿಗೆ ಹಾಕಲಿಲ್ಲ. ಆ ಬೆರಳುಗಳನ್ನು ನನ್ನ ಮುಂದೆ ಹಿಡಿದರು.

"ಮೊದಲು ಇದನ್ನ ನೋಡ್ರಿ" ಅಂದರು. "ಉಪ್ಪೇ ಐತೇನು?"